ಬೀಪ್ ಎಂದು ಕೂಗಿದರೆ ಸತ್ತಿಲ್ಲ ಎಂದರ್ಥ!

ಹಳೇ ಕಂಪ್ಯೂಟರಿನ ಕೂಗು ತಿಳಿಯದೆ ಕಾಸು ಕಳೆದುಕೊಳ್ಳಬೇಡಿ

ಅರಕಲಗೂಡಿನ ಒಂದು ಜೆರಾಕ್ಸ್ ಅಂಗಡಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಹತ್ತು ಗಂಟೆ. ಬ್ಯಾಂಕಿಗೆ ಬೆಳೆಸಾಲದ ಕಾಗದಪತ್ರ ಕೊಡಲು ಅಂದೇ ಕಡೆಯ ದಿನ. ಕೊಣನೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದ ರೈತರೊಬ್ಬರು ಪಹಣಿ ತೆಗೆಸಲು, ಅರ್ಜಿ ಟೈಪ್ ಮಾಡಿಸಲು ಬೆಂಚಿನ ಮೇಲೆ ಕುಳಿತಿದ್ದಾರೆ. ಅಂಗಡಿಯ ಹುಡುಗ ಸ್ವಿಚ್ಚು ಒತ್ತುತ್ತಾನೆ. ಫ್ಯಾನು ತಿರುಗಿತು, ಹಸಿರು ದೀಪ ಹತ್ತಿತು, ಪರದೆ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪು. ಸಿಪಿಯು ಡಬ್ಬದೊಳಗಿಂದ ಒಂದೇ ಸಮನೆ ಕೂಗು: ಬೀ...ಪ್, ಬೀ...ಪ್, ಬೀ...ಪ್.

"ಏನಪ್ಪಾ ಇದು, ಹಿಂಗೆ ಬಡ್ಕತಾ ಐತೆ?"

"ಮದರ್‌ಬೋರ್ಡ್ ಹೋಯ್ತು ಅನ್ಸುತ್ತೆ ಯಜಮಾನ್ರೆ. ಹಾಸನಕ್ಕೆ ತಗೊಂಡು ಹೋಗ್ಬೇಕು. ನಾಳೆ ಬನ್ನಿ."

"ನಾಳೆ ಬಂದ್ರೆ ಬ್ಯಾಂಕ್‌ನೋರು ಬಾಗ್ಲು ತೋರುಸ್ತಾರೆ ಕಣಪ್ಪ!"

ಇದು ಯಾವುದೋ ಒಂದು ಅಂಗಡಿಯ ಕತೆಯಲ್ಲ. ಹೊಳೆನರಸೀಪುರದ ಡಿಟಿಪಿ ಸೆಂಟರಿನಲ್ಲಿ ಮದುವೆ ಕಾರ್ಡಿನ ಸೀಸನ್ನಿನಲ್ಲೂ ಹೀಗಾಗಬಹುದು, ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಪರೀಕ್ಷೆಯ ಹಿಂದಿನ ದಿನವೂ ಆಗಬಹುದು. ಕೂಗು ಎಲ್ಲರ ಕಿವಿಗೂ ಬೀಳುತ್ತದೆ, ಅರ್ಥ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದ ಕಡೆ ಭಯ, ಭಯವಿದ್ದ ಕಡೆ ದುಡ್ಡು ದಂಡ. ಲೋಕಾರೂಢಿ ಇಷ್ಟೇ ತಾನೆ?

ಆದರೆ ಆ ಕೂಗು ಬರಿಯ ಗಲಾಟೆಯಲ್ಲ ಸ್ವಾಮಿ, ಅದೊಂದು ಭಾಷೆ. ಎಷ್ಟು ಸಲ ಕೂಗಿತು, ಉದ್ದ ಕೂಗಿತೋ ತುಂಡ ಕೂಗಿತೋ ಎಂಬುದರಲ್ಲೇ ರೋಗ ಯಾವುದೆಂದು ಯಂತ್ರ ಹೇಳಿಬಿಡುತ್ತದೆ.

ಕಂಡಕ್ಟರ್ ವಿಷಲ್ಲು, ಕುಕ್ಕರ್ ವಿಷಲ್ಲು

ಶಬ್ದದಲ್ಲಿ ಸಂಗತಿ ಹೇಳುವುದು ನಮಗೇನು ಹೊಸದಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಒಂದು ವಿಷಲ್ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಡ್ರೈವರು ತಿರುಗಿ ನೋಡುವುದೇ ಇಲ್ಲ. ಅಡಿಗೆಮನೆಯಲ್ಲಿ ಕುಕ್ಕರು ಮೂರು ಸಲ ಕೂಗಿದರೆ ಅನ್ನ ಆಯಿತು. ಹಿಂದೆ ತಾಲ್ಲೂಕು ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳು ನೋಯಿಸಿಕೊಂಡವರಿಗೆ ಇನ್ನೊಂದೂ ನೆನಪಿರಬೇಕು. ಸಾಲು ಮುಗಿಯಲು ಕೆಲವೇ ಅಕ್ಷರ ಬಾಕಿ ಇರುವಾಗ ಮೆಷಿನ್ನು ಟಿಣ್ ಎನ್ನುತ್ತಿತ್ತು. ಕಾಗದದಿಂದ ಕಣ್ಣು ಕೀಳದೆಯೇ ಕೈ ತಾನಾಗಿ ಹಿಡಿಯ ಕಡೆ ಹೋಗುತ್ತಿತ್ತು.

ಕಂಪ್ಯೂಟರಿನ ಬೀಪೂ ಅದೇ ಜಾತಿಯದು. ಆದರೆ ಒಂದು ವಿಶೇಷ ಉಂಟು. ಕಂಪ್ಯೂಟರಿಗೆ ಪರದೆ ಇದೆಯಲ್ಲ, ಅದರಲ್ಲೇ ಬರೆದು ತೋರಿಸಬಾರದೆ ಎಂದು ಯಾರಾದರೂ ಕೇಳಬಹುದು. ಪರದೆಗೆ ಅಕ್ಷರ ಕಳಿಸುವ ಭಾಗವೇ ಕೆಟ್ಟಿದ್ದರೆ? ಅಕ್ಷರವನ್ನು ಇಟ್ಟುಕೊಳ್ಳುವ ನೆನಪಿನ ಪಟ್ಟಿ, ಅಂದರೆ ರ್‍ಯಾಮ್, ಕೈಕೊಟ್ಟಿದ್ದರೆ? ಬಾಯಿ ಕಟ್ಟಿದವನು ಕೈ ತಟ್ಟಿ ಕರೆಯುವಂತೆ, ಪರದೆ ಎಚ್ಚರಗೊಳ್ಳುವ ಮುಂಚೆ ಯಂತ್ರಕ್ಕೆ ಇರುವುದು ಈ ಕೂಗು ಒಂದೇ.

ಸ್ವಿಚ್ಚು ಒತ್ತಿದ ಕೂಡಲೆ ಕಂಪ್ಯೂಟರು ನೇರವಾಗಿ ನಮ್ಮ ಕೆಲಸಕ್ಕೆ ಕೂರುವುದಿಲ್ಲ. ಬಯೋಸ್ ಎಂಬ ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟ ಆಜ್ಞೆಗಳಂತೆ ಮೊದಲು ತನ್ನ ಮೈಯನ್ನು ತಾನೇ ತಡವಿ ನೋಡಿಕೊಳ್ಳುತ್ತದೆ. ಆ ಚಿಪ್ಪಿನ ಬರಹ ಸರಿಯಿದೆಯೆ, ಗಡಿಯಾರದ ಚಿಪ್ಪು ನಡೆಯುತ್ತಿದೆಯೆ, ರ್‍ಯಾಮಿನ ಮೊದಲ ಭಾಗ ಬರೆದದ್ದನ್ನು ಹಾಗೇ ಹಿಂದಕ್ಕೆ ಕೊಡುತ್ತದೆಯೆ, ಪರದೆಯ ಭಾಗ ಉತ್ತರ ಕೊಡುತ್ತದೆಯೆ, ಕೀಬೋರ್ಡು ಇದೆಯೆ ಎಂದು ಒಂದೊಂದಾಗಿ ನೋಡುತ್ತದೆ. ಇದಕ್ಕೆ ಪವರ್ ಆನ್ ಸೆಲ್ಫ್ ಟೆಸ್ಟ್ ಎಂದು ಹೆಸರು, ಚಿಕ್ಕದಾಗಿ ಪೋಸ್ಟ್. ಅಂಚೆಗೂ ಇದಕ್ಕೂ ಸಂಬಂಧವಿಲ್ಲ! ಎಲ್ಲ ಸರಿಯಿದ್ದರೆ ಅನೇಕ ಹಳೇ ಯಂತ್ರಗಳು ಒಂದೇ ಒಂದು ತುಂಡು ಬೀಪ್ ಹೇಳಿ ಮುಂದಕ್ಕೆ ಹೋಗುತ್ತವೆ. ಹುಟ್ಟಿದ ಮಗು ಒಮ್ಮೆ ಅತ್ತರೆ ಸೂಲಗಿತ್ತಿ ಉಸ್ಸಪ್ಪ ಎನ್ನುತ್ತಿದ್ದಳಲ್ಲ, ಹಾಗೆ.

ಕೂಗು ಹುಟ್ಟಿದ್ದು ಹೇಗೆ?

1981ರ ಆಗಸ್ಟಿನಲ್ಲಿ ಅಮೆರಿಕದ ಐಬಿಎಂ ಕಂಪನಿ ಮೇಜಿನ ಮೇಲಿಡುವ ತನ್ನ ಪಿಸಿ ಹೊರತಂದಿತು. ಈಗಿನ ಬಹುಪಾಲು ಮೇಜಿನ ಕಂಪ್ಯೂಟರುಗಳ ಮೂಲಪುರುಷ ಅದೇ. ಅದರ ಡಬ್ಬದೊಳಗೆ ಟ್ರಾನ್ಸಿಸ್ಟರ್ ರೇಡಿಯೋದ ಸ್ಪೀಕರಿನಂಥ ಪುಟ್ಟದೊಂದು ಸ್ಪೀಕರ್ ಇತ್ತು. ಹಾಡು ಕೇಳಲಿಕ್ಕಲ್ಲ, ಕೂಗಲಿಕ್ಕೆ. ಸೆಕೆಂಡಿಗೆ 11,93,182 ಮಿಡಿತದ ಲೆಕ್ಕ ಹಿಡಿಯುವ ಟೈಮರ್ ಚಿಪ್ಪೊಂದಿತ್ತು. ಆ ಮಿಡಿತವನ್ನು ಇಷ್ಟರಿಂದ ಭಾಗಿಸು ಎಂದು ಸಂಖ್ಯೆ ಕೊಟ್ಟರೆ ಬೇಕಾದ ಸ್ವರ ಹೊರಡುತ್ತಿತ್ತು. 1193ರಿಂದ ಭಾಗಿಸಿದರೆ ಸೆಕೆಂಡಿಗೆ ಸಾವಿರ ಕಂಪನದ ಕೀಚಲು ಧ್ವನಿ. ಹಳೇ ಯಂತ್ರಗಳ ಬೀಪಿನ ಗುಟ್ಟು ಇಷ್ಟೆ.

ಆ ಮೊದಲ ಪಿಸಿಯ ನಿಘಂಟು ಸರಳವಾಗಿತ್ತು. ಒಂದು ತುಂಡು ಕೂಗು, ಎಲ್ಲ ಕ್ಷೇಮ. ಎರಡು ತುಂಡು, ಏನೋ ದೋಷವಿದೆ, ಪರದೆಯಲ್ಲಿ ನಂಬರು ನೋಡು. ಒಂದು ಉದ್ದ ಒಂದು ತುಂಡು, ಮದರ್‌ಬೋರ್ಡಿನ ದೋಷ. ಒಂದು ಉದ್ದ ಎರಡು ತುಂಡು, ಪರದೆ ನಡೆಸುವ ಕಾರ್ಡಿನ ದೋಷ. ಕೂಗೇ ಇಲ್ಲ ಅಥವಾ ನಿಲ್ಲದ ಕೂಗು, ಕರೆಂಟು ಹಂಚುವ ಪವರ್ ಸಪ್ಲೈಯನ್ನೋ ಬೋರ್ಡನ್ನೋ ನೋಡು.

ಆಮೇಲೆ ಬಯೋಸ್ ಬರೆಯುವ ಕಂಪನಿಗಳು ಹೆಚ್ಚಿದವು. ಎಎಂಐ, ಅವಾರ್ಡ್, ಫೀನಿಕ್ಸ್ ಎಂಬ ಮೂರು ಹೆಸರು ದೊಡ್ಡವು. 1998ರಲ್ಲಿ ಅವಾರ್ಡ್ ಫೀನಿಕ್ಸಿನೊಳಗೆ ಸೇರಿಹೋಯಿತು. ಮೂರಕ್ಕೂ ಮೂರು ನುಡಿಗಟ್ಟು. ಹಾಸನದವರ 'ಐತೆ' ಮಂಗಳೂರಿನಲ್ಲಿ 'ಉಂಟು' ಆಗುವುದಿಲ್ಲವೆ, ಹಾಗೆ.

ಎಎಂಐ ಬರಿಯ ಎಣಿಕೆ ಹೇಳುತ್ತದೆ. ಒಂದರಿಂದ ಮೂರು ಕೂಗಿದರೆ ರ್‍ಯಾಮ್ ಕಡೆ ಬೆರಳು. ಐದಾದರೆ ಪ್ರೊಸೆಸರ್, ಆರಾದರೆ ಕೀಬೋರ್ಡ್ ನಡೆಸುವ ಚಿಪ್ಪು, ಎಂಟಾದರೆ ಪರದೆಯ ನೆನಪು, ಒಂಬತ್ತಾದರೆ ಬಯೋಸ್ ಚಿಪ್ಪು. ಅವಾರ್ಡ್ ಉದ್ದ-ತುಂಡುಗಳಲ್ಲಿ ಮಾತಾಡುತ್ತದೆ. ಒಂದು ಉದ್ದ ಎರಡು ತುಂಡು ಎಂದರೆ ಪರದೆಯ ಕಾರ್ಡು, ಉದ್ದ ಕೂಗು ಬಿಟ್ಟುಬಿಟ್ಟು ಬರುತ್ತಲೇ ಇದ್ದರೆ ರ್‍ಯಾಮು, ಒಮ್ಮೆ ಏರುಸ್ವರ ಒಮ್ಮೆ ಇಳಿಸ್ವರ ಆಂಬ್ಯುಲೆನ್ಸಿನಂತೆ ಅರಚಿದರೆ ಸಾಮಾನ್ಯವಾಗಿ ಪ್ರೊಸೆಸರ್ ಕಾದುಹೋಗಿದೆ ಎಂದರ್ಥ. ಫೀನಿಕ್ಸಂತೂ ತಾಳ ಹಾಕಿದ ಹಾಗೆ: ಒಂದು, ತಡೆದು ಮೂರು, ತಡೆದು ಒಂದು, ತಡೆದು ಒಂದು. ಬರೆದುಕೊಳ್ಳದಿದ್ದರೆ ಲೆಕ್ಕ ತಪ್ಪಿತು.

ಆದ್ದರಿಂದ ಮೊದಲು ಯಾವ ಬಯೋಸ್ ಎಂದು ತಿಳಿದಿರಬೇಕು. ಯಂತ್ರ ಚೆನ್ನಾಗಿರುವಾಗಲೇ, ಶುರುವಾಗುವಾಗ ಪರದೆಯ ಮೂಲೆಯಲ್ಲಿ ಬರುವ ಹೆಸರನ್ನು ಗುರುತು ಹಾಕಿ ಡಬ್ಬದ ಮೇಲೆ ಚೀಟಿ ಅಂಟಿಸಿದರೆ ಕಷ್ಟಕಾಲಕ್ಕೆ ಆದೀತು. ದೊಡ್ಡ ಕಂಪನಿಗಳ ಯಂತ್ರಗಳಿಗೆ ಅವರವರದೇ ಪಟ್ಟಿ ಇರುತ್ತದೆ, ಜೊತೆಗೆ ಬಂದ ಪುಸ್ತಕದಲ್ಲಿ ನೋಡಬೇಕು. ಆ ಪುಸ್ತಕವನ್ನು ನಾವು ಮೊದಲ ವಾರವೇ ರದ್ದಿಗೆ ಹಾಕಿರುತ್ತೇವೆ ಬಿಡಿ!

ಜಿಲ್ಲೆಗೂ ಕೂಗಿಗೂ ಹಳೇ ನಂಟು

ದೂರದ ಯಂತ್ರದ ಕ್ಷೇಮಸಮಾಚಾರ ಕೇಳುವ ವಿದ್ಯೆ ಹಾಸನಕ್ಕೆ ಬಂದು ನಾಲ್ಕು ದಶಕ ದಾಟಿತು. 1957ರ ಅಕ್ಟೋಬರ್ 4ರಂದು ರಷ್ಯಾದವರು ಹಾರಿಸಿದ ಸ್ಪುಟ್ನಿಕ್ ಬಾನಿನಿಂದ ಬೀಪ್ ಬೀಪ್ ಎಂದಾಗ ಜಗತ್ತೇ ಕಿವಿಗೊಟ್ಟಿತ್ತು. ಕಾಲು ಶತಮಾನದ ನಂತರ, 1982ರಲ್ಲಿ, ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲು ಇಸ್ರೋ ತನ್ನ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯನ್ನು ಕಟ್ಟಿದ್ದು ನಮ್ಮ ಹಾಸನದಲ್ಲೇ. ಸಾಲಗಾಮೆ ರಸ್ತೆಯ ಆ ದೊಡ್ಡ ದೊಡ್ಡ ತಟ್ಟೆ ಆಂಟೆನಾಗಳನ್ನು ನೋಡದ ಹಾಸನದವರುಂಟೆ? ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹ ತನ್ನ ಬ್ಯಾಟರಿ ಹೇಗಿದೆ, ಮೈ ಎಷ್ಟು ಕಾದಿದೆ ಎಂದು ಸಂಕೇತದಲ್ಲಿ ಹೇಳುತ್ತದೆ, ಇಲ್ಲಿ ಕುಳಿತವರು ಓದುತ್ತಾರೆ. ಅಂಥ ಊರಿನ ಸುತ್ತಮುತ್ತ, ಕಾಲ ಬುಡದಲ್ಲಿರುವ ಡಬ್ಬದ ಕೂಗು ಅರ್ಥವಾಗದೆ ಜನ ಬೆಪ್ಪಾಗುವುದು ತಮಾಷೆಯೋ ದುರಂತವೋ?

ಹಳ್ಳಿಯವರಿಗೆ ಕಂಪ್ಯೂಟರಿನ ಮುಖದರ್ಶನ ಮಾಡಿಸಿದ್ದು ಮಾತ್ರ ಪಹಣಿ. 2001ರ ಸುಮಾರಿಗೆ ಸರ್ಕಾರದ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಶಾನುಭೋಗರ ಕಾಲದ ಪುಸ್ತಕಗಳಿಂದ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಇಳಿದವು. ಕೈಬರಹದ ಪಹಣಿ ನಿಂತಿತು. ಆಗ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಅದೇ ಹೊತ್ತಿಗೆ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸರ್ಕಾರಿ ಹೈಸ್ಕೂಲುಗಳಿಗೂ ಕಂಪ್ಯೂಟರ್ ಪಾಠ ಬಂತು. ಟೈಪಿಂಗ್ ಕಲಿಸುತ್ತಿದ್ದವರು ಬೋರ್ಡು ಬದಲಿಸಿ ಕಂಪ್ಯೂಟರ್ ಸೆಂಟರ್ ಎಂದು ಬರೆಸಿಕೊಂಡರು. ಬೆಳಿಗ್ಗೆ ಬಾಗಿಲು ತೆಗೆದರೆ ಸಾಲಾಗಿ ಬೀಪ್, ಬೀಪ್, ಬೀಪ್. ಫ್ಲಾಪಿ ಡ್ರೈವು ಗರ್ರ್ ಎಂದು ಒಮ್ಮೆ ಗೊರಕೆ ಹೊಡೆಯಬೇಕು, ರ್‍ಯಾಮಿನ ಲೆಕ್ಕ ಪರದೆಯಲ್ಲಿ ಟಿಕಟಿಕ ಏರಬೇಕು. ಆಗ ದಿನದ ವ್ಯಾಪಾರ ಶುರು.

ಆಗ ಕಂಪ್ಯೂಟರಿನ ಜೊತೆಗೇ ಬಂದ ಇನ್ನೊಂದು ಕೂಗುಮಾರಿ ಯುಪಿಎಸ್. ಕರೆಂಟು ಹೋದರೆ ಅದೂ ಬೀಪ್ ಎನ್ನುತ್ತದೆ. ಬ್ಯಾಟರಿ ಬರಿದಾಗುತ್ತ ಬಂದ ಹಾಗೆ ಅವಸರ ಅವಸರವಾಗಿ ಕೂಗುತ್ತದೆ. ಎಷ್ಟೋ ಜನ ಯುಪಿಎಸ್ ಕೂಗಿಗೆ ಕಂಪ್ಯೂಟರ್ ಬಿಚ್ಚಿಸುತ್ತಾರೆ, ಕಂಪ್ಯೂಟರ್ ಕೂಗಿಗೆ ಯುಪಿಎಸ್ ಬ್ಯಾಟರಿ ಬದಲಿಸುತ್ತಾರೆ! ಮೊದಲು ಕಿವಿಗೊಟ್ಟು ಯಾವ ಡಬ್ಬ ಕೂಗುತ್ತಿದೆ ಎಂದು ನೋಡಿ ಮಹರಾಯರೇ.

ಐದು ರೂಪಾಯಿ ರಬ್ಬರಿನ ಮಹಿಮೆ

ಈಗ ಅರಕಲಗೂಡಿನ ಅಂಗಡಿಗೆ ಬರೋಣ. ಹುಡುಗ ಸಿಪಿಯು ಹೊತ್ತು ಬಸ್ ಸ್ಟ್ಯಾಂಡಿಗೆ ಹೊರಡುವ ಮುಂಚೆ ಹಾಸನದ ರಿಪೇರಿಯವರಿಗೆ ಒಂದು ಫೋನ್ ಮಾಡುತ್ತಾನೆ ಎಂದಿಟ್ಟುಕೊಳ್ಳಿ.

"ಅಣ್ಣಾ, ಮದರ್‌ಬೋರ್ಡ್ ಹೋಗೈತೆ."

"ನಿಂಗೆ ಯಾರಪ್ಪಾ ಹೇಳಿದ್ದು? ಫೋನು ಡಬ್ಬದ ಹತ್ರ ಹಿಡಿ, ನಾನು ಕೇಳ್ತೀನಿ."

ಮೂವತ್ತು ಕಿಲೋಮೀಟರ್ ಆಚೆಯಿಂದ ರೋಗ ಕೇಳಿಸಿತು. ಉದ್ದ ಕೂಗು, ಬಿಟ್ಟುಬಿಟ್ಟು, ನಿಲ್ಲುತ್ತಿಲ್ಲ. ಹೆಸರಿನ ಚೀಟಿ ಅವಾರ್ಡ್ ಎನ್ನುತ್ತದೆ. ಹಾಗಾದರೆ ರ್‍ಯಾಮು.

ರ್‍ಯಾಮ್ ಕೆಟ್ಟೇಹೋಗಿರಬೇಕೆಂದಿಲ್ಲ. ಅದರ ಹೊಳೆಯುವ ಹಲ್ಲುಗಳು ಸಂದಿನಲ್ಲಿ ಸರಿಯಾಗಿ ತಾಗದಿದ್ದರೂ ಯಂತ್ರ ಇದೇ ಕೂಗು ಹಾಕುತ್ತದೆ. ಅರಕಲಗೂಡು, ಸಕಲೇಶಪುರದ ಕಡೆ ಮಳೆಗಾಲದ ಥಂಡಿ, ಚನ್ನರಾಯಪಟ್ಟಣದ ಕಡೆ ಬೇಸಿಗೆಯ ಧೂಳು, ಎರಡೂ ಹಲ್ಲಿಗೆ ಪಾಚಿ ಕಟ್ಟಿಸುತ್ತವೆ. ರಿಪೇರಿಯವರ ಮನೆಮದ್ದು ಶಾಲೆ ಮಕ್ಕಳ ಐದು ರೂಪಾಯಿಯ ರಬ್ಬರು.

ಕ್ರಮ ಹೀಗೆ. ಸ್ವಿಚ್ಚು ಆರಿಸಿ ವೈರನ್ನೇ ಗೋಡೆಯಿಂದ ಕೀಳಬೇಕು. ಉಳಿದ ಕರೆಂಟು ಇಳಿಯಲು ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಡಬ್ಬದ ಕಬ್ಬಿಣವನ್ನು ಒಮ್ಮೆ ಮುಟ್ಟಬೇಕು, ಮೈಮೇಲಿನ ಸ್ಥಾಯೀ ವಿದ್ಯುತ್ತು ಹೋಗಲಿ ಎಂದು. ಎರಡು ಬದಿಯ ಕೊಕ್ಕೆ ಸರಿಸಿ ಪಟ್ಟಿ ತೆಗೆದು, ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರ್ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಕೊಡವಿ, ಕೊಕ್ಕೆ ಟಕ್ ಎನ್ನುವ ತನಕ ಹಿಂದಕ್ಕೆ ಒತ್ತಬೇಕು. ಎರಡು ಪಟ್ಟಿ ಇದ್ದರೆ ಒಂದೊಂದೇ ಹಾಕಿ ನೋಡಿದರೆ ಕೆಟ್ಟದ್ದು ಯಾವುದೆಂದು ಸಿಕ್ಕಿಬೀಳುತ್ತದೆ.

ಒಂದು ಎಚ್ಚರ. ಪವರ್ ಸಪ್ಲೈ ಡಬ್ಬವನ್ನು ಮಾತ್ರ ಬಿಚ್ಚಬೇಡಿ, ಹಳೇ ದಪ್ಪ ಮಾನಿಟರನ್ನೂ ಬಿಚ್ಚಬೇಡಿ. ವೈರು ಕಿತ್ತ ಮೇಲೂ ಅವುಗಳೊಳಗೆ ಪ್ರಾಣಕ್ಕೆ ಅಪಾಯವಾಗುವಷ್ಟು ಕರೆಂಟು ಉಳಿದಿರುತ್ತದೆ. ಅದು ಬಲ್ಲವರ ಕೆಲಸ.

ಇನ್ನೂ ಸುಲಭದ ಕೇಸುಗಳುಂಟು. ಕೀಬೋರ್ಡಿನ ಮೇಲೆ ದಪ್ಪ ಲೆಡ್ಜರ್ ಬಿದ್ದಿದ್ದರೂ ಹಳೇ ಯಂತ್ರ ಕೂಗುತ್ತದೆ. ಒತ್ತಿದ ಅಕ್ಷರ ಇಟ್ಟುಕೊಳ್ಳಲು ಅದಕ್ಕಿರುವುದು ಹದಿನೈದೇ ಅಕ್ಷರದ ಜಾಗ. ತುಂಬಿದ ಮೇಲೆ ಪ್ರತಿ ಒತ್ತಿಗೂ ಒಂದು ಬೀಪ್. ಲೆಡ್ಜರ್ ಎತ್ತಿಟ್ಟರೆ ರಿಪೇರಿ ಮುಗಿಯಿತು! ಆಂಬ್ಯುಲೆನ್ಸ್ ಕೂಗಾದರೆ ಫ್ಯಾನಿನ ಧೂಳು ತೆಗೆಯಬೇಕು. ಕೂಗೇ ಇಲ್ಲದಿದ್ದರೆ ಸ್ಪೀಕರಿನ ವೈರು ಕಳಚಿದೆಯೇ ಎಂದು ಮೊದಲು ನೋಡಬೇಕು. ಮೂಕನೆಂದು ಹೆಣವೆಂದುಕೊಳ್ಳಬಾರದು.

ಬೋರ್ಡು ಹೋಗುವುದೇ ಇಲ್ಲವೆಂದಲ್ಲ. 2000ದ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಎಷ್ಟೋ ಬೋರ್ಡುಗಳ ಕೆಪಾಸಿಟರುಗಳು ತಲೆ ಉಬ್ಬಿ ಒಡೆದವು. ಅದು ಪ್ರಪಂಚದಾದ್ಯಂತ ಬಂದ ಪಿಡುಗು. ಆದರೆ ಉಬ್ಬಿದ ಕೆಪಾಸಿಟರ್ ಕಣ್ಣಿಗೆ ಕಾಣುತ್ತದೆ. ತೋರಿಸಿ ಎಂದು ಕೇಳುವ ಹಕ್ಕು ಕಾಸು ಕೊಡುವವನಿಗೆ ಇದೆ.

ಮಾತಿನ ಮುಖ್ಯ ಭಾಗ ಇಲ್ಲೇ ಇರುವುದು. ರಿಪೇರಿಯವರಲ್ಲಿ ಬಹುಪಾಲು ಮಂದಿ ಪ್ರಾಮಾಣಿಕರು, ಮೇಜಿನ ಮೇಲೇ ಬಿಚ್ಚಿ ತೋರಿಸಿ ಕೊಡುವವರು. ಆದರೆ ಹಲ್ಲು ಉಜ್ಜಿ ಬಿಟ್ಟು ಬೋರ್ಡ್ ಬದಲಿಸಿದೆ ಎಂದು ಬಿಲ್ಲು ಹಾಕುವವನು ಸಿಕ್ಕಿದರೆ ಏನು ಮಾಡುತ್ತೀರಿ? ಕೂಗಿನ ಎಣಿಕೆ ಬರೆದುಕೊಂಡು ಹೋದವನಿಗೆ ಮೋಸ ಮಾಡುವುದು ಕಷ್ಟ. "ಒಂದು ಉದ್ದ, ಎರಡು ತುಂಡು ಕೂಗ್ತು ಸ್ವಾಮಿ" ಎಂದು ಗಿರಾಕಿ ಬಾಯಿಬಿಟ್ಟ ಕೂಡಲೆ ಅಂಗಡಿಯವನ ಧಾಟಿಯೇ ಬದಲಾಗುತ್ತದೆ.

ಇನ್ನೊಂದು ಸಂಗತಿ ತಿಳಿದಿರಲಿ. ಬೋರ್ಡು ನಿಜಕ್ಕೂ ಸುಟ್ಟರೂ ನಿಮ್ಮ ಲೆಕ್ಕಪತ್ರ, ಅರ್ಜಿ, ಫೋಟೋ ಎಲ್ಲ ಇರುವುದು ಹಾರ್ಡ್ ಡಿಸ್ಕ್ ಎಂಬ ಬೇರೆ ಡಬ್ಬಿಯಲ್ಲಿ. ಅದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ತೆಗೆಯಬಹುದು. ಬೀಪ್ ಕೇಳಿ ಎಲ್ಲ ಹೋಯಿತೆಂದು ಎದೆ ಹಿಡಿದುಕೊಳ್ಳಬೇಡಿ. ಹಾರ್ಡ್ ಡಿಸ್ಕೇ ಟಕ್ ಟಕ್ ಎಂದು ಬಡಿಯತೊಡಗಿದರೆ ಮಾತು ಬೇರೆ. ಆಗ ಮತ್ತೆ ಮತ್ತೆ ಸ್ವಿಚ್ಚು ಒತ್ತದೆ ತಕ್ಷಣ ಆರಿಸಿಬಿಡಬೇಕು.

ಮೂಕವಾದ ಹೊಸ ಯಂತ್ರಗಳು

ಈಚಿನ ಯಂತ್ರಗಳಲ್ಲಿ ಈ ಕೂಗೇ ಮಾಯವಾಗುತ್ತಿದೆ. ಮೊದಲು ಸ್ಪೀಕರ್ ಹೋಗಿ ಅಂಗಿ ಗುಂಡಿಯಷ್ಟು ಬಜರ್ ಬಂತು, ಆಮೇಲೆ ಎಷ್ಟೋ ಡಬ್ಬಗಳಲ್ಲಿ ಅದೂ ಇಲ್ಲ. ಬಯೋಸಿನ ಜಾಗಕ್ಕೆ ಯುಇಎಫ್ಐ ಬಂತು. ಕೆಲವು ಬೋರ್ಡುಗಳು ಪುಟ್ಟ ದೀಪ ಹತ್ತಿಸಿ ದೋಷ ತೋರಿಸುತ್ತವೆ, ಕೆಲವು ಲ್ಯಾಪ್‌ಟಾಪುಗಳು ದೀಪ ಮಿಟುಕಿಸಿ ಎಣಿಕೆ ಹೇಳುತ್ತವೆ. ಆಪಲ್ ಕಂಪನಿ 2016ರಲ್ಲಿ ತನ್ನ ಹೊಸ ಲ್ಯಾಪ್‌ಟಾಪುಗಳ ಪ್ರಸಿದ್ಧ ಆರಂಭದ ನಾದವನ್ನು ನಿಲ್ಲಿಸಿ, 2020ರಲ್ಲಿ ಮತ್ತೆ ತಂದಿತು. ಒಂದು ಸದ್ದಿಗೂ ಜನ ಹಂಬಲಿಸುತ್ತಾರೆ ನೋಡಿ!

ಹಂಬಲಕ್ಕಿಂತ ದೊಡ್ಡ ಕಾರಣವೂ ಇದೆ. ಕಣ್ಣು ಕಾಣದವರು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದಿಂದ ಇಂದು ಕಂಪ್ಯೂಟರ್ ನಡೆಸುತ್ತಾರೆ. ಆ ತಂತ್ರಾಂಶ ಎಚ್ಚರಗೊಳ್ಳುವ ತನಕ ಯಂತ್ರ ಬದುಕಿದೆಯೋ ಇಲ್ಲವೋ ಹೇಳುವವರು ಯಾರು? ಆ ಒಂದು ತುಂಡು ಬೀಪ್. ಮಿಟುಕುವ ದೀಪ ಅವರಿಗೆ ಯಾವ ಉಪಯೋಗಕ್ಕೂ ಇಲ್ಲ.

ಗುಜರಿಗೆ ಹಾಕುವ ಮುನ್ನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಳೇ ಯಂತ್ರಗಳನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಹೀಗಾಗಿ ಶಾಲೆ, ಸಂಘ, ಅಂಗಡಿಗಳ ಮೂಲೆಯ ಡಬ್ಬಗಳು ಗುಜರಿಯ ತಕ್ಕಡಿ ಹತ್ತುವ ಕಾಲ. ಅವುಗಳಲ್ಲಿ ಎಷ್ಟು ನಿಜವಾಗಿ ಸತ್ತಿವೆ, ಎಷ್ಟು ಬರಿಯ ಹಲ್ಲು ಉಜ್ಜಿದರೆ ಎದ್ದು ಕೂರುತ್ತವೆ ಎಂದು ನೋಡಿದವರಾರು? ಬೋರ್ಡು ಚೆನ್ನಾಗಿದ್ದರೆ ಕಾಸಿಲ್ಲದೆ ಸಿಗುವ ಲಿನಕ್ಸ್ ಹಾಕಿ ಮಕ್ಕಳಿಗೆ ಟೈಪಿಂಗ್ ಕಲಿಸಲು ಧಾರಾಳವಾಗಿ ಸಾಕು. ನಿಜವಾಗಿ ಸತ್ತದ್ದನ್ನೂ ತಿಪ್ಪೆಗೆ ಎಸೆಯುವಂತಿಲ್ಲ. ಅನೇಕ ಹಳೇ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೇ ಅದು ಹೋಗಬೇಕು.

ಇದಕ್ಕೆ ದೊಡ್ಡ ಯೋಜನೆ ಬೇಡ, ಮಂತ್ರಿಗಳ ಉದ್ಘಾಟನೆಯೂ ಬೇಡ. ಕಂಪ್ಯೂಟರ್ ಇರುವ ಪ್ರತಿ ಶಾಲೆಯ ಗೋಡೆಗೆ ಕೂಗಿನ ಪಟ್ಟಿಯ ಒಂದು ಹಾಳೆ ಅಂಟಿಸಲಿ. ನಮ್ಮ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ಹುಡುಗರನ್ನು ಒಂದು ಶನಿವಾರ ಕರೆಸಿ ಮೂಲೆಯ ಡಬ್ಬಗಳನ್ನು ಒಂದೊಂದಾಗಿ ಹಚ್ಚಿಸಿ ಕೇಳಿಸಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಅರಕಲಗೂಡಿನ ಬೆಂಚಿನ ಮೇಲೆ ಕುಳಿತ ಯಜಮಾನರ ಕತೆ ಏನಾಯಿತು ಎಂದಿರಾ? ಪಕ್ಕದ ಪುಸ್ತಕದಂಗಡಿಯಿಂದ ರಬ್ಬರು ಬಂತು. ಹಲ್ಲು ಉಜ್ಜಿದ್ದಾಯಿತು. ಕೊಕ್ಕೆ ಟಕ್ ಎಂದಿತು. ಹುಡುಗ ಉಸಿರು ಬಿಗಿಹಿಡಿದು ಸ್ವಿಚ್ಚು ಒತ್ತಿದ.

ಬೀಪ್. ಒಂದೇ ಒಂದು, ತುಂಡ.

"ಈಗ್ಲೂ ಕೂಗ್ತಲ್ಲಪ್ಪಾ?"

"ಇದು ಸರಿ ಹೋಯ್ತು ಅಂತ ಕೂಗಿದ್ದು ಯಜಮಾನ್ರೆ. ಸರ್ವೆ ನಂಬರ್ ಹೇಳಿ."